ಬೇರೆಯವರ ಹೆಸರಿನ ಪೆನ್ನು

ಸದನದಲ್ಲಿ ಆಡಿದ್ದನ್ನು ಅಕ್ಷರಕ್ಕಿಳಿಸುವುದು ನನ್ನ ಕೆಲಸ.
ಹೋಬಾರ್ಟ್, ಎರಡನೇ ಮಹಡಿ, ಸಮಿತಿಯ ಕೊಠಡಿ.
ಕೆಮ್ಮು ಬಿಡಬೇಕು, ತೊದಲು ಸೋಸಬೇಕು,
ಸಾಕ್ಷಿ ಅತ್ತರೆ ಬರೆಯುವಂತಿಲ್ಲ.
ಹತ್ತೊಂಬತ್ತು ವರ್ಷ. ಮೀನಿನ ಕೋಟಾ, ಸೇತುವೆಯ ಸುಂಕ,
ನಾಯಿಗಳ ನೋಂದಣಿ, ಎಲ್ಲ ಈ ಬೆರಳುಗಳನ್ನೇ ದಾಟಿ ಹೋದವು.

ಆ ಮಂಗಳವಾರ ಡೆಸ್ಮಂಡ್ ಪೈಬಸ್ ಬಂದ,
ಹ್ಯೂವನ್ ಕಣಿವೆಯ ಸೇಬಿನ ತೋಟದ ಮೇಸ್ತ್ರಿ.
ಮದುವೆಗೋ ಮಣ್ಣಿಗೋ ಮಾತ್ರ ಹೊರಬರುವಂಥ ಕೋಟು.
ನೀರಿನ ಲೋಟವನ್ನು ಎರಡು ಸಲ ಸರಿಸಿಟ್ಟ, ಕುಡಿಯಲಿಲ್ಲ.

ಅಧ್ಯಕ್ಷೆ: ಆದದ್ದನ್ನು ನಿಮ್ಮ ಮಾತಿನಲ್ಲೇ ಹೇಳಿ.
ಪೈಬಸ್: ನನ್ನ ಮಾತು ಎಂಥದು ಮೇಡಂ, ನಾನು ಬರೀ ಓದಿದೆ.
ಚೀಟಿ ಅಂಟಿಸಿತ್ತು. ಓದಿದೆ. ಜೋರಾಗಿ ಓದಿದೆ.

ಝೆಫೆರಿನೊ, ಟಿಮೋರಿನಿಂದ ಸುಗ್ಗಿಗೆ ಬಂದ ಹುಡುಗ, ಇಪ್ಪತ್ತಾರು.
ಏಣಿ ಇಳಿದವನ ಕಣಕಾಲಿಗೆ ಒಂದು ಇರುವೆ.
ಕಪ್ಪು ಮೈ, ಹಳದಿ ದವಡೆ, ಎರಡು ಅಕ್ಕಿಕಾಳಿನಷ್ಟು ಉದ್ದ,
ನಡೆಯುವುದಿಲ್ಲ, ಜಿಗಿಯುತ್ತದೆ.
ಜ್ಯಾಕ್ ಜಂಪರ್ ಅನ್ನುತ್ತೇವೆ, ಮಕ್ಕಳ ಆಟಕ್ಕಿಟ್ಟ ಹೆಸರಿನ ಹಾಗೆ.
ನಗುತ್ತಲೇ ಕೆರೆದುಕೊಂಡನಂತೆ. ಚೀಲ ಇಳಿಸಿದನಂತೆ,
ಸೇಬು ಜಜ್ಜದ ಹಾಗೆ, ಮೆಲ್ಲಗೆ.
ಆಮೇಲೆ ತುಟಿ. ಆಮೇಲೆ ಕಣ್ಣ ರೆಪ್ಪೆ. ಆಮೇಲೆ ಉಸಿರಿನಲ್ಲಿ
ಬಾಗಿಲ ಸಂದಿಗೆ ಸಿಕ್ಕ ಗಾಳಿಯ ಸದ್ದು.

ಪ್ಯಾಕಿಂಗ್ ಶೆಡ್ಡಿನ ಮೇಜಿನ ಖಾನೆಯಲ್ಲಿ ಒಂದು ಪೆನ್ನಿತ್ತು.
ಬರೆಯುವುದಲ್ಲ, ಒತ್ತುವುದು.
ನೀಲಿ ಮುಚ್ಚಳ ಆಕಾಶಕ್ಕೆ, ಕಿತ್ತಳೆ ತುದಿ ತೊಡೆಗೆ
ಎಂದು ಕೋರಲ್ ಡಿರೀನ್ ಎಲ್ಲರಿಗೂ ಕಲಿಸಿದ್ದಳು, ತನಗಾಗಿ.
ಅವಳಿಗೆ ಜೇನುನೊಣ ಆಗದು. ಅವತ್ತು ಅವಳಿಗೆ ರಜೆ.
ಚೀಟಿಯ ಮೇಲೆ ಅವಳ ಹೆಸರು, ಕೆಳಗೆ ಅವಳದೇ ಕೈಬರಹ:
ಬೇರೆ ಯಾರೂ ಮುಟ್ಟಬೇಡಿ.

ಸದಸ್ಯರು: ಆಗ ನೀವು?
ಪೈಬಸ್: ಆಂಬುಲೆನ್ಸಿಗೆ ಫೋನು ಮಾಡಿದೆ. ಬರ್ತಾ ಇದೆ ಅಂದರು.
ಸದಸ್ಯರು: ಪೆನ್ನಿದೆ ಎಂದು ಹೇಳಿದಿರಾ?
ಪೈಬಸ್: ಇಲ್ಲ. ನಮ್ಮದಲ್ಲವಲ್ಲ.
ಸದಸ್ಯರು: ಕೊಡಬಾರದೆಂಬ ಕಾನೂನಿದೆ ಎಂದು ಯಾರು ಹೇಳಿದ್ದರು?
ಪೈಬಸ್: ಯಾರೂ ಹೇಳಿರಲಿಲ್ಲ. ಕೊಡಬಹುದು ಅಂತಲೂ
ಯಾರೂ ಹೇಳಿರಲಿಲ್ಲ.
ಸದಸ್ಯರು: ಆ ಹೊತ್ತಿಗೆ ಪೆನ್ನು ಎಲ್ಲಿತ್ತು?
ಪೈಬಸ್: ಕೈಯಲ್ಲೇ ಇತ್ತು.

ಇಲ್ಲಿ ಹನ್ನೊಂದು ಸೆಕೆಂಡು.
ನನ್ನ ಯಂತ್ರದಲ್ಲಿ ಅದಕ್ಕೆ ಕೀಲಿಯಿಲ್ಲ.

ಎದ್ದು ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತ.
ಆ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದ.
ಹುಡುಗನ ತಾಯಿ ಓದಿಯಾಳು, ತಪ್ಪಬಾರದು, ಅಂದ.

ಮಾರ್ಚಿಯಿಂದ ಆಗಸ್ಟಿನವರೆಗೆ ಮಸೂದೆ ಮಲಗಿತು, ಎದ್ದಿತು, ಮತ್ತೆ ಮಲಗಿತು.
ಕಲಂ ನಾಲ್ಕು, ಉಪಕಲಂ ಎರಡು.
'ಯಾವುದೇ ವ್ಯಕ್ತಿ' ಎಂಬುದರ ಹಿಂದೆ 'ತರಬೇತಿ ಪಡೆದ' ಬೇಕೇ ಬೇಡವೇ
ಎಂದು ಎರಡು ಮಧ್ಯಾಹ್ನ.
ಬಿಸಿಲಿಗೆ ಮದ್ದು ಕೆಟ್ಟರೆ? ಅವಧಿ ಮೀರಿದರೆ?
ಯಾರಾದರೂ ಕದ್ದರೆ?
(ಕದಿಯಲಿ, ಅಂದರು ಹಿಂದಿನ ಬೆಂಚಿನ ಮುದುಕಿ ಸದಸ್ಯೆ,
ಕದ್ದವನಿಗೂ ಇರುವೆ ಕಚ್ಚೀತು. ನಗೆ ಎಂದು ದಾಖಲಿಸಿದೆ,
ನಗೆಯನ್ನು ದಾಖಲಿಸಬಹುದು.)
ಕಲಂ ಅಂದರೂ ಪೆನ್ನೇ ತಾನೆ, ನಾನು ಯೋಚಿಸುತ್ತಿದ್ದೆ,
ಇದು ಯಾರ ತೊಡೆಗೆ ಯಾವಾಗ ಮುಟ್ಟೀತು.

ಈಗ ದೋಣಿಕಟ್ಟೆಯ ಗೋಡೆಯ ಮೇಲೆ ಪೆಟ್ಟಿಗೆಯೊಂದಿದೆ,
ಬೆಂಕಿ ಆರಿಸುವ ಸಿಲಿಂಡರಿನ ಪಕ್ಕ. ಬೀಗವಿಲ್ಲ.
ಒಳಗಿನ ಚೀಟಿಯಲ್ಲಿ ಹೆಸರಿನ ಜಾಗ ಖಾಲಿ.
ದೋಣಿ ತಡವಾದಾಗ ಅದರ ಪುಟ್ಟ ಕಿಟಕಿಯಲ್ಲಿ ಇಣುಕುತ್ತೇನೆ,
ಮದ್ದು ತಿಳಿಯಾಗಿದೆಯೇ, ಕಂದಿದೆಯೇ ಎಂದು.
ಯಾರೂ ನನಗೆ ಹೇಳಿದ ಕೆಲಸವಲ್ಲ.

ನಿಯಮದಂತೆ ಕರಡನ್ನು ಸಾಕ್ಷಿಗೆ ಕಳಿಸಿದ್ದೆವು, ತಿದ್ದಲು.
ಜನ ಸಾಮಾನ್ಯವಾಗಿ ತಮ್ಮ ಮಾತನ್ನು ಚಂದ ಮಾಡುತ್ತಾರೆ.
ಪೈಬಸ್ ಒಂದೇ ಕಡೆ ಗೆರೆ ಎಳೆದಿದ್ದ, ಪೆನ್ಸಿಲಿನಲ್ಲಿ.
'ಕೈಯಲ್ಲೇ' ಹೊಡೆದುಹಾಕಿ, ಮೇಲೆ ದಪ್ಪಕ್ಕೆ:
ಬಲಗೈಯಲ್ಲಿ.